ಹಸಿರು ಬಿಡದ ಮುಳ್ಳು

ತೇವಮಾಪಕದ ಮುಳ್ಳು ಹಸಿರಿನಲ್ಲಿತ್ತು. ಸುತ್ತಲಿನ ಸಸಿಗಳು ಮಾತ್ರ ನಪಾಸಾದ ಮಕ್ಕಳಂತೆ ತಲೆ ತಗ್ಗಿಸಿ ನಿಂತಿದ್ದವು.

ಸಸಿತೋಟದ ಕಟ್ಟಪ್ಪಣೆ ಒಂದೇ: ಮಣ್ಣಿನಲ್ಲಿ ನೆಟ್ಟ ಮಾಪಕದ ಮುಳ್ಳು ಕೆಂಪಿಗೆ ಇಳಿಯುವವರೆಗೆ ನೀರು ಬಿಡಕೂಡದು. ಅದನ್ನು ಕಾಯುವ ಹಂಗಾಮಿ ನೌಕರನಿಗೆ ಕಚೇರಿಯವರಿಟ್ಟ ಹೆಸರು ತೇವಪ್ಪ. ಅವನನ್ನು ಖಾಯಂ ಮಾಡುವುದೋ ಮನೆಗೆ ಕಳಿಸುವುದೋ ಎಂದು ತೀರ್ಮಾನಿಸಲು ದೊಡ್ಡ ಸಾಹೇಬರು ಅಂದೇ ಬರುವವರಿದ್ದರು. "ಖಾಯಂ ಆಗದೆ ಹೊಸ್ತಿಲು ತುಳೀಬೇಡಿ" ಎಂದು ಹೆಂಡತಿ ಬೆಳಿಗ್ಗೆಯೇ ಎಚ್ಚರಿಸಿದ್ದಳು.

ತೇವಪ್ಪ ಬೆರಳಿನಿಂದ ಮಣ್ಣು ಕೆದಕಿದ. ಸುಟ್ಟ ಇಟ್ಟಿಗೆಯೇ ಸರಿ! ಮಾಪಕದ ಬುಡದಲ್ಲಷ್ಟೇ ಕೆಸರು. ತಲೆಯೆತ್ತಿದರೆ, ಗೇಟಿನ ಕಾವಲುಗಾರ ಚೆಂಬು ಹಿಡಿದು ನಿಂತಿದ್ದಾನೆ.

"ಏನಣ್ಣ ಇದು?"

"ಮುಳ್ಳು ಕೆಂಪಾದ್ರೆ ನಿನ್ನ ಕೆಲಸಕ್ಕೇ ಕುತ್ತು ಅಂತ ದಿನಾ ಒಂದು ಚೆಂಬು ಹಾಕ್ತಿದ್ದೀನಪ್ಪ."

"ಅಯ್ಯೋ ಪುಣ್ಯಾತ್ಮ! ಬಾಯಾರಿರೋದು ಗಿಡಕ್ಕೆ!"

"ಗಿಡಕ್ಕೆ ಹಾಕೋಕೆ ಅಪ್ಪಣೆ ಎಲ್ಲಿದೆ?"

ತೇವಪ್ಪ ಮಾಪಕವನ್ನು ಹಲ್ಲು ಕಿತ್ತಂತೆ ಕಿತ್ತು ಒಣಪಾತಿಯಲ್ಲಿ ಚುಚ್ಚಿದ. ಮುಳ್ಳು ಧೊಪ್ಪನೆ ಕೆಂಪಿಗೆ ಬಿತ್ತು. ಸತ್ಯ ಗೆದ್ದಿತೆಂದು ನೀರು ಬಿಟ್ಟ. ಪಾತಿ ನೆನೆಯಿತು, ತುಂಬಿತು, ಹರಿಯಿತು. ಮುಳ್ಳು ಮಾತ್ರ ಮುನಿದ ಅಳಿಯನಂತೆ ಕದಲಲಿಲ್ಲ.

"ಇನ್ನೂ ಕೆಂಪೇ ಇದೆ, ನಿಲ್ಲಿಸಬೇಡ್ರೀ!" ಎಂದು ಗುಮಾಸ್ತ ಕಿಟಕಿಯಿಂದಲೇ ಆಜ್ಞಾಪಿಸಿದ. ತೊಟ್ಟಿ ಬರಿದಾಯಿತು.

ಅಷ್ಟರಲ್ಲಿ ದೊಡ್ಡ ಸಾಹೇಬರು ಬಂದೇಬಿಟ್ಟರು. ಕಾಲ್ಗಿಣ್ಣು ಮುಳುಗುವ ನೀರಿನಲ್ಲಿ ನಿಂತು ಮಾಪಕಕ್ಕೆ ಬಗ್ಗಿದರು.

"ಬರಗಾಲ! ಘೋರ ಬರಗಾಲ!"

"ಸಾರ್, ನಿಮ್ಮ ಬೂಟು ಮುಳುಗಿದೆ..." ಎಂದ ತೇವಪ್ಪ.

"ಬೂಟು ಮಾಪಕ ಏನ್ರೀ?"

ಆಗ ತೇವಪ್ಪನಿಗೆ ಮಾಪಕದಿಂದ ಕಿತ್ತುಬಂದು ನೀರಿನಲ್ಲಿ ತೇಲುತ್ತಿದ್ದ ತಂತಿಯ ತುದಿ ಕಂಡಿತು. "ತಂತಿ ಕಿತ್ತುಹೋಗಿದೆ ಸಾರ್!"

"ಕಿತ್ತೋರು ಯಾರು?"

"...ನಾನೇ ಸಾರ್."

"ಇಷ್ಟು ದಿನ ಹಸಿರಲ್ಲಿ ಇಟ್ಟೋರು?"

ಕಾವಲುಗಾರ ಎದೆಯುಬ್ಬಿಸಿದ. "ನಾನು ಸಾರ್. ದಿನಕ್ಕೆ ಒಂದೇ ಚೆಂಬಿನಲ್ಲಿ."

ಸಾಹೇಬರ ಕಣ್ಣು ತುಂಬಿಬಂತು. "ಕೇಳಿದ್ರೇನ್ರೀ? ಇವರು ಒಂದು ಚೆಂಬಿನಲ್ಲಿ ಮುಳ್ಳನ್ನ ಹಸಿರು ಮಾಡ್ತಾರೆ, ನೀವು ತೊಟ್ಟಿ ಬರಿದು ಮಾಡಿ ಕೆಂಪು ಮಾಡ್ತೀರಿ! ಇವತ್ತಿಂದ ನೀರಾವರಿ ಮೇಲ್ವಿಚಾರಕರು ಇವರೇ."

ತೇವಪ್ಪ ನೀರಿನಲ್ಲೇ ಒಂದು ಹೆಜ್ಜೆ ಮುಂದಿಟ್ಟ. "ನನ್ನ ಖಾಯಂ ವಿಚಾರ, ಸಾರ್?"

"ಮಾಡಿದ್ದೀನಲ್ರೀ," ಎಂದರು ಸಾಹೇಬರು ಉದಾರವಾಗಿ, ಕಾವಲುಗಾರನ ತಲೆಯಿಂದ ಟೋಪಿ ತೆಗೆದು ತೇವಪ್ಪನ ಕೈಗಿಡುತ್ತ. "ಗೇಟು ಖಾಲಿಯಾಯ್ತಲ್ಲ!"