ಬಾಮೈದನಾದ ಪ್ಲಂಬರು

"ಈ ಪ್ಲಂಬರನ್ನ ಮಾತ್ರ ನಾನು ಯಾರಿಗೂ ಬಿಟ್ಟುಕೊಡೋದಿಲ್ಲ! ನಮ್ಮ ಬಚ್ಚಲು ಸರಿಹೋಗೋ ತನಕ ಇವನ ನೆರಳು ಕೂಡ ಬೇರೆಯವರ ಹೊಸ್ತಿಲ ಮೇಲೆ ಬೀಳಕೂಡದು!"

ಗುಮಾಸ್ತರು ಈ ಭೀಷಣ ಪ್ರತಿಜ್ಞೆ ಮಾಡಿದ್ದು ಅಡುಗೆಮನೆಯ ನಡುವೆ, ಹೆಗಲ ಮೇಲೊಂದು ಟವೆಲ್ಲು ಹಾಕಿಕೊಂಡು, ಎರಡೂ ಕೈಯಲ್ಲಿ ನೀರಿನ ಬಕೆಟ್ ಹಿಡಿದುಕೊಂಡು. ಬಚ್ಚಲಿನ ಗೋಡೆಯೊಳಗಿದ್ದ ಪೈಪು ಒಡೆದ ದಿನದಿಂದ ಆ ಕಡೆಯ ನೀರನ್ನೇ ನಿಲ್ಲಿಸಿಬಿಟ್ಟಿದ್ದರು. ಷವರು ಗೋಡೆಯ ಮೇಲೆ, ಪಾಠ ಒಪ್ಪಿಸಲು ಬಾರದ ವಿದ್ಯಾರ್ಥಿಯ ಹಾಗೆ ತಲೆ ತಗ್ಗಿಸಿ ನಿಂತಿತ್ತು. ಅದರ ಕೆಳಗೆ ಮತ್ತೊಮ್ಮೆ ಕಣ್ಣು ಮುಚ್ಚಿ ನಿಂತು, ಬೇಸೂರಿನಲ್ಲಿ ಹಾಡಿಕೊಂಡು ಸ್ನಾನ ಮಾಡಬೇಕು. ಗುಮಾಸ್ತರಿಗೆ ಜೀವನದಲ್ಲಿ ಸದ್ಯಕ್ಕೆ ಬೇರೆ ಆಸೆಯೇ ಇರಲಿಲ್ಲ.

ಪ್ಲಂಬರುಗಳ ವಿಷಯದಲ್ಲಿ ಅವರು ನೊಂದ ಜೀವ. ಮೊದಲನೆಯವನು ಫೋನಿನಲ್ಲಿ "ಇಗೋ, ನಿಮ್ಮ ರಸ್ತೆ ತಿರುವಿನಲ್ಲೇ ಇದ್ದೀನಿ" ಅಂದಿದ್ದ. ಆ ತಿರುವು ಇನ್ನೂ ಮುಗಿದಿಲ್ಲ! ಎರಡನೆಯವನು ಬಂದ, ನೋಡಿದ, ಗಲ್ಲ ತುರಿಸಿಕೊಂಡ, "ಒಂದು ಸಾಮಾನು ತಂದುಬಿಡ್ತೀನಿ" ಎಂದು ಹೋದ. ಸಾಮಾನನ್ನು ಪ್ರಾಯಶಃ ಗಣಿಯಿಂದಲೇ ಅಗೆದು ತರುತ್ತಿರಬೇಕು. ಮೂರನೆಯವನು ನಿಜಕ್ಕೂ ಒಳ್ಳೆಯವನು. ಆದರೆ ಹೆಂಡತಿ ಆ ಸಂಗತಿಯನ್ನು ಕೆಳಮನೆಯ ದೊಡ್ಡಮ್ಮನ ಕಿವಿಗೆ ಹಾಕಿದರು. ದೊಡ್ಡಮ್ಮ ಅಂದರೆ ಆ ಕಟ್ಟಡಕ್ಕೆಲ್ಲ ದೊಡ್ಡಮ್ಮ. ಅವರ ಕಿವಿಗೆ ಬಿದ್ದ ಮಾತು ಮೆಟ್ಟಿಲು ಹತ್ತಿ ತಾರಸಿಯವರೆಗೂ ಹೋಗುತ್ತಿತ್ತು. ಆಮೇಲೆ ಆ ಪ್ಲಂಬರು ಮೇಲಿನ ಮನೆ, ಪಕ್ಕದ ಮನೆ, ಎದುರು ಮನೆ ಎಂದು ಎಲ್ಲೆಲ್ಲೂ ಕಾಣಿಸಿದ, ಗುಮಾಸ್ತರ ಮನೆಯೊಂದನ್ನು ಬಿಟ್ಟು.

ಹೀಗಿರುವಾಗ ಈ ನಾಲ್ಕನೆಯವನು ಸಿಕ್ಕಿದ. ಬರುತ್ತೇನೆಂದು ಹೇಳಿದ ಹೊತ್ತಿಗೇ ಬಂದು ಗಂಟೆ ಒತ್ತಿದ! ಇಂಥದ್ದನ್ನು ಕಂಡು ಕೇಳಿ ಅರಿಯದ ಗುಮಾಸ್ತರು ಬಾಗಿಲು ತೆರೆದು, "ಯಾರು ಬೇಕಿತ್ತು?" ಎಂದರು.

"ಪ್ಲಂಬರ್ ಸಾರ್. ಈ ಹೊತ್ತಿಗೆ ಬರೋಕೆ ಹೇಳಿದ್ರಲ್ಲ?"

"ಹೇಳಿದ್ದೆ. ಆದ್ರೆ ಬರ್ತೀಯ ಅಂದ್ಕೊಂಡಿರಲಿಲ್ಲ."

ಇಸ್ತ್ರಿ ಮಾಡಿದ ಅಂಗಿ, ಜೇಬಿನಲ್ಲಿ ಬಾಚಣಿಗೆ, ತಿದ್ದಿ ತೀಡಿದ ಮೀಸೆ. ಅಡುಗೆಮನೆಯಲ್ಲಿ ಸೋರುತ್ತಿದ್ದ ಸಿಂಕಿನ ಕೆಳಗೆ ನುಗ್ಗುವ ಮೊದಲು ಒಮ್ಮೆ, ಹೊರಬಂದ ಮೇಲೆ ಇನ್ನೊಮ್ಮೆ ತಲೆ ಬಾಚಿಕೊಂಡ. ಸಿಂಕು ಅಂದೇ ಸರಿಹೋಯಿತು. ಬಚ್ಚಲಿನ ಗೋಡೆಗೆ ಮಾತ್ರ ಡಾಕ್ಟರ ಹಾಗೆ ಕಿವಿಯಿಟ್ಟು ಕೇಳಿ, "ದೊಡ್ಡ ಕೆಲಸ ಸಾರ್. ಗೋಡೆ ಒಡೀಬೇಕು, ಹಳೇ ಪೈಪು ಕೀಳಬೇಕು, ಹೊಸದು ಕೂರಿಸಿ ಮುಚ್ಚಬೇಕು. ಭಾನುವಾರ ಶುರು ಮಾಡ್ತೀನಿ. ನಾನು ಕೈ ಹಾಕಿದ ಪೈಪು ಮತ್ತೆ ಬಾಯಿ ಬಿಟ್ಟ ಚರಿತ್ರೆಯೇ ಇಲ್ಲ!" ಎಂದ.

ಭಾನುವಾರವೇ ಅಪಾಯ. ಅಂದು ದೊಡ್ಡಮ್ಮ ಬೆಳಗಿನಿಂದಲೇ ಬಾಗಿಲ ಬಳಿ ಕುರ್ಚಿ ಹಾಕಿಕೊಂಡು ಕೂರುವವರು. ಹೋಗುವವರು, ಬರುವವರು ಅವರ ಕಣ್ಣು ತಪ್ಪಿಸಿ ಒಂದು ಮೆಟ್ಟಿಲು ಏರುವಂತಿಲ್ಲ. ಪ್ಲಂಬರು ಹೆಗಲಿಗೆ ಪಾನಾ, ಸುತ್ತಿಗೆ, ಇಕ್ಕಳ ತುಂಬಿದ ಚೀಲ ನೇತುಹಾಕಿಕೊಂಡು ಬಂದರೆ ಮುಗಿಯಿತು ಕಥೆ! ಆ ರಾತ್ರಿ ಗುಮಾಸ್ತರು ಹಾಸಿಗೆಯಲ್ಲಿ ಎದ್ದು ಕೂತರು. ಮಂಚದ ಕೆಳಗಿನಿಂದ ಹಳೆಯ ಸೂಟ್‌ಕೇಸನ್ನು ಎಳೆದು ಧೂಳು ಕೊಡವಿದರು.

"ಅವನು ಪ್ಲಂಬರ್ ಥರ ಬರಲ್ಲ ಕಣೇ. ನೆಂಟನ ಥರ ಬರ್ತಾನೆ. ಕೇಳಿದ್ರೆ ನಿನ್ನ ತಮ್ಮ ಅಂದ್ರಾಯ್ತು."

"ರೀ, ನನಗೆ ತಮ್ಮನೇ ಇಲ್ಲ!"

"ಭಾನುವಾರದಿಂದ ಇರ್ತಾನೆ."

"ಯಾಕೆ, ನಿಮ್ಮ ತಮ್ಮ ಅನ್ನಿ."

"ನನ್ನ ತಮ್ಮನನ್ನ ದೊಡ್ಡಮ್ಮ ನೋಡಿದ್ದಾರೆ. ಅವನಿಗೆ ಇಷ್ಟು ಕೂದಲಿಲ್ಲ."

ಪ್ಲಂಬರನಿಗೆ ಸೂಟ್‌ಕೇಸ್ ಕೊಟ್ಟು ವಿಷಯ ತಿಳಿಸಿದಾಗ ಅವನ ಮುಖ ಅರಳಿತು. "ನಂಗೆ ಒಡಹುಟ್ಟಿದವರು ಯಾರೂ ಇಲ್ಲ ಸಾರ್. ಅಕ್ಕ ಅಂತ ಕರೆಯೋಕೆ ಚಿಕ್ಕಂದಿನಿಂದ ಆಸೆ."

"ಸಾರ್ ಅನ್ನಬೇಡಪ್ಪ, ಸಿಕ್ಕಿಹಾಕ್ಕೋತೀವಿ. ಭಾವ ಅನ್ನು."

"ಆಗಲಿ ಭಾವ!"

ಆ 'ಭಾವ' ಎಂಬುದು ಎಷ್ಟು ಸಲೀಸಾಗಿ ಹೊರಬಂತೆಂದರೆ, ಗುಮಾಸ್ತರು ಅಲ್ಲೇ ಎಚ್ಚೆತ್ತುಕೊಳ್ಳಬೇಕಿತ್ತು.

ಭಾನುವಾರ ಬಾಮೈದ ಸೂಟ್‌ಕೇಸ್ ಹಿಡಿದು, ಒಂದು ಕಡೆಗೆ ವಾಲಿಕೊಂಡು ಬಂದ. ದೊಡ್ಡಮ್ಮ ತಡೆದರು. "ಯಾರಪ್ಪ ನೀನು? ಏನು ಅಷ್ಟು ಭಾರ?"

"ಮೇಲ್ಗಡೆ ನಮ್ಮಕ್ಕನ ಮನೆ ದೊಡ್ಡಮ್ಮ. ಅಕ್ಕನ್ನ ನೋಡಿ ಎಷ್ಟು ಕಾಲ ಆಯ್ತು ಅಂತೀರ! ಬಟ್ಟೆ ಇದಾವೆ, ಬಟ್ಟೆ." ಹೇಳುತ್ತಾ ಹೇಳುತ್ತಾ ಅವನ ಕಣ್ಣು ನಿಜವಾಗಿಯೂ ಒದ್ದೆಯಾಯಿತು. ಮೆಟ್ಟಿಲ ಮೇಲೆ ನಿಂತಿದ್ದ ಗುಮಾಸ್ತರು, 'ಭಲೇ!' ಎಂದುಕೊಂಡರು.

ಒಳಗೆ ಹೋಗಿ ಬಚ್ಚಲಿನ ಬಾಗಿಲು ಹಾಕಿಕೊಂಡು ಸುತ್ತಿಗೆ ಎತ್ತಿದ. ಧಡ್! ಧಡ್! ಗೋಡೆಯ ಗಡಿಯಾರ ಓರೆಯಾಯಿತು. ಅಟ್ಟದ ಮೇಲಿನ ಡಬ್ಬಿಗಳು ಮಾತಾಡಿಕೊಂಡವು. ಹಳೆಯ ಪೈಪು ಕಿತ್ತು ಬರುವ ಹೊತ್ತಿಗೆ ಬಾಗಿಲಲ್ಲಿ ದೊಡ್ಡಮ್ಮ.

"ಏನ್ರೀ ಅದು ಸದ್ದು?"

"ಅದು... ಬಾಮೈದ ವ್ಯಾಯಾಮ ಮಾಡ್ತಿದ್ದಾನೆ."

"ವ್ಯಾಯಾಮ ಮಾಡಿದ್ರೆ ನಮ್ಮನೆ ಸೂರಿಂದ ಗಾರೆ ಉದುರುತ್ತಾ?"

"ಸ್ವಲ್ಪ ಗಟ್ಟಿ ಆಳು ದೊಡ್ಡಮ್ಮ. ಹಾರಿ ಹಾರಿ ಮಾಡ್ತಾನೆ."

ದೊಡ್ಡಮ್ಮನಿಗೆ ಕೋಪ ಬರಬೇಕಾದ ಜಾಗದಲ್ಲಿ ಕರುಣೆ ಬಂತು. ಅಲ್ಲೇ ಎಡವಟ್ಟಾಯಿತು. "ಅಯ್ಯೋ, ಅಷ್ಟು ಹಾರೋ ಹುಡುಗನಿಗೆ ಎಷ್ಟು ಹಸಿವಾಗಿರ್ಬೇಡ! ಮಧ್ಯಾಹ್ನ ಮೂರೂ ಜನ ನಮ್ಮನೆಗೆ ಊಟಕ್ಕೆ ಬರ್ಬೇಕು. ಮೇಷ್ಟ್ರಿಗೂ ಹೇಳಿದ್ದೀನಿ. ಇಲ್ಲ ಅನ್ನೋ ಹಾಗಿಲ್ಲ!"

ಮೇಷ್ಟ್ರು ಅಂದರೆ ಮೇಲಿನ ಮನೆಯ ನಿವೃತ್ತ ಮುಖ್ಯೋಪಾಧ್ಯಾಯರು. ಊಟದ ನಡುವೆಯೂ ಪ್ರಶ್ನೆ ಕೇಳುವ ಅಭ್ಯಾಸ ಅವರಿಗೆ ನಿವೃತ್ತಿಯಾಗಿರಲಿಲ್ಲ. ಎಲ್ಲರೂ ಮೇಜಿನ ಸುತ್ತ ಕೂತು ಮೊದಲ ತುತ್ತು ಎತ್ತುತ್ತಿದ್ದಂತೆಯೇ, "ನಿಮ್ಮ ಬಾಮೈದನಿಗೆ ಏನು ಉದ್ಯೋಗ?" ಎಂದರು.

"ನೀರಿಗೆ ಸಂಬಂಧಪಟ್ಟಿದ್ದು," ಎಂದರು ಗುಮಾಸ್ತರು.

"ನೀರು ಅಂದ್ರೆ? ಅಣೆಕಟ್ಟಾ?"

"ಹೂಂ... ಹೆಚ್ಚುಕಡಿಮೆ ಅದೇ. ನೀರನ್ನ ತಡೆಯೋದು, ಬಿಡೋದು."

"ಓಹೋ! ಇಂಜಿನಿಯರು!"

ಬಾಮೈದ ಮೀಸೆ ನೀವಿಕೊಂಡು ಎದೆಯುಬ್ಬಿಸಿದ. ಅಷ್ಟರಲ್ಲಿ ಕೇಳಿಸಿತು. ಟಪ್. ಮೂಲೆಯ ಕೈತೊಳೆಯುವ ಬೇಸಿನ್ನಿನ ನಲ್ಲಿ ತೊಟ್ಟಿಕ್ಕುತ್ತಿತ್ತು. ಟಪ್. ಬಾಮೈದನ ತುತ್ತು ಬಾಯಿಯ ಹತ್ತಿರವೇ ನಿಂತಿತು. ಟಪ್. ಅವನ ಬಲಗೈ ಬೆರಳುಗಳು ತಾವಾಗಿಯೇ ಗಾಳಿಯಲ್ಲಿ ಏನನ್ನೋ ತಿರುಗಿಸತೊಡಗಿದವು. ಗುಮಾಸ್ತರು ಮೇಜಿನ ಕೆಳಗೆ ಅವನ ಕಾಲು ತುಳಿದರು.

"ಅಯ್ಯಮ್ಮಾ!" ಎಂದರು ಮೇಷ್ಟ್ರು.

"ಆ ನಲ್ಲಿ ಹಾಗೇ ಬಿಡಪ್ಪ," ಎಂದರು ದೊಡ್ಡಮ್ಮ, ಹುಡುಗನ ನೋಟವನ್ನು ಗಮನಿಸಿ. "ಎಷ್ಟು ಜನ ಬಂದು ನೋಡಿದ್ರೂ ನಿಂತಿಲ್ಲ. ಅದು ಯಾರ ಕೈಲೂ ಆಗಲ್ಲ."

ಯಾರ ಕೈಲೂ ಆಗಲ್ಲ! ಅವನ ಮುಂದೆ ಆಡಬಾರದ ಮಾತು ಏನಾದರೂ ಇದ್ದರೆ ಅದೊಂದೇ. "ಕೈ ತೊಳ್ಕೊಂಡು ಬರ್ತೀನಿ" ಎಂದು ಎದ್ದೇಬಿಟ್ಟ. ಗುಮಾಸ್ತರು ಅಂಗಿಯ ತುದಿ ಹಿಡಿಯುವಷ್ಟರಲ್ಲಿ ನಲ್ಲಿಗೆ ಕೈ ಹಾಕಿ ಒಂದು ತಿರುವು ತಿರುವಿದ. ಹಳೆಯ ನಲ್ಲಿ ಅದು, ಗಟ್ಟಿ ಆಳಿನ ತಿರುವನ್ನು ಎಂದೂ ಕಂಡದ್ದಲ್ಲ. ತಲೆಯೇ ಕಿತ್ತು ಅವನ ಕೈಗೆ ಬಂತು!

ನೀರು ಚಿಮ್ಮಿದ ರಭಸಕ್ಕೆ ಮೇಷ್ಟ್ರ ಕನ್ನಡಕ ಮೂಗಿನಿಂದ ಹಾರಿ ಪಲ್ಯದೊಳಗೆ ಬಿತ್ತು. ದೊಡ್ಡಮ್ಮ ಪಾತ್ರೆಗಳ ಮೇಲೆ ಮುಚ್ಚಳ ಹಾಕಲು ಓಡಿದರು. ಬಾಮೈದ ಎರಡೂ ಅಂಗೈಯಿಂದ ಪೈಪಿನ ಬಾಯಿ ಅದುಮಿ ಹಿಡಿದು ಕೂಗಿದ. "ಭಾವಾ! ನನ್ನ ಸೂಟ್‌ಕೇಸ್!"

"ಯಾಕೆ, ಬಟ್ಟೆ ಬದಲಾಯಿಸೋಕಾ?" ಎಂದರು ಗುಮಾಸ್ತರು, ಕೊನೆಯ ಆಸೆಯಿಂದ.

"ದೊಡ್ಡ ಪಾನಾ ಭಾವಾ, ದೊಡ್ಡ ಪಾನಾ! ಬೇಗ!"

ಗುಮಾಸ್ತರು ಮೇಲೆ ಓಡಿ ಸೂಟ್‌ಕೇಸ್ ಹೊತ್ತು ಇಳಿದರು. ಅದರ ಹಳೆಯ ಚಿಲಕ ಮೆಟ್ಟಿಲುಗಳ ನಡುವೆಯೇ ಕೈಕೊಟ್ಟಿತು. ಪಾನಾಗಳು, ಇಕ್ಕಳ, ಗರಗಸ, ಪೈಪಿನ ತುಂಡುಗಳೆಲ್ಲ ಮೆರವಣಿಗೆ ಹೊರಟವರ ಹಾಗೆ ಢಣಢಣ ಸದ್ದು ಮಾಡುತ್ತಾ ಅವರಿಗಿಂತ ಮೊದಲೇ ದೊಡ್ಡಮ್ಮನ ಬಾಗಿಲು ಮುಟ್ಟಿದವು. ಬಟ್ಟೆ ಅಂತ ಅದರಲ್ಲಿ ಇದ್ದದ್ದು ಒಂದು ಒರೆಸುವ ಚಿಂದಿ.

ಕಣ್ಣುಮುಚ್ಚಿ ತೆಗೆಯುವಷ್ಟರಲ್ಲಿ ನೀರು ನಿಂತಿತು. ಬಾಮೈದ ಜೇಬಿನಿಂದ ಬಾಚಣಿಗೆ ತೆಗೆದು ತಲೆ ಬಾಚಿಕೊಂಡ. ಎಲ್ಲರೂ ನಲ್ಲಿಯನ್ನೇ ನೋಡಿದರು. ಟಪ್ ಇಲ್ಲ. ಆಮೇಲೆ ಎಲ್ಲರೂ ಗುಮಾಸ್ತರನ್ನು ನೋಡಿದರು.

"ಅಂದ್ರೆ, ಈ ಹುಡುಗ ಪ್ಲಂಬರಾ?" ಎಂದರು ದೊಡ್ಡಮ್ಮ ನಿಧಾನವಾಗಿ.

ಗುಮಾಸ್ತರ ನಾಲಿಗೆ ಒಣಗಿತು, ಅಷ್ಟು ನೀರಿನ ನಡುವೆಯೂ!

"ಈಗ ಅರ್ಥ ಆಯ್ತು. ಹೆಂಡತಿಯ ತಮ್ಮ ಪ್ಲಂಬರ್ ಅಂತ ಹೇಳ್ಕೊಳ್ಳೋಕೆ ನಿಮಗೆ ನಾಚಿಕೆ! ಅದಕ್ಕೇ ಅಣೆಕಟ್ಟು ಕಟ್ಟಿಸಿದ್ರಿ! ಅದಕ್ಕೇ ಆ ಮಗುವಿನ ಸಾಮಾನನ್ನ ಸೂಟ್‌ಕೇಸಿನಲ್ಲಿ ಬಚ್ಚಿಡಿಸಿದ್ರಿ! ಕೈಯಲ್ಲಿ ಇಂಥ ವಿದ್ಯೆ ಇರೋ ಹುಡುಗ. ಥೂ, ನಿಮ್ಮನ್ನ ದೊಡ್ಡ ಮನುಷ್ಯರು ಅಂದ್ಕೊಂಡಿದ್ದೆ!"

ಗುಮಾಸ್ತರು ಬಾಯಿ ತೆರೆದರು. ಬಾಮೈದನಲ್ಲ ಎಂದರೆ ಸುಳ್ಳುಗಾರ. ಬಾಮೈದ ಎಂದರೆ ಕಟುಕ. ಎರಡರಲ್ಲಿ ಯಾವುದಾದೀತು ಎಂದು ಲೆಕ್ಕ ಹಾಕುತ್ತಿರುವಾಗಲೇ ಹೆಂಡತಿ ಕಣ್ಣೊರೆಸಿಕೊಂಡರು.

"ಹೋಗ್ಲಿ ಬಿಡಿ ದೊಡ್ಡಮ್ಮ. ಇವರಿಗೆ ಮೊದಲಿಂದಲೂ ನಮ್ಮ ತವರಿನವರು ಅಂದ್ರೆ ಅಷ್ಟಕ್ಕಷ್ಟೇ."

ಅಷ್ಟು ಹೊತ್ತಿನಲ್ಲಿ ಆ ಮನೆಯಲ್ಲಿ ಯಾರಾದರೂ ಆಡಿದ ನಿಜವಾದ ಮಾತು ಅದೊಂದೇ. ಅದಕ್ಕೇ ಕಣ್ಣೀರು ಸರಾಗವಾಗಿ ಬಂದಿತ್ತು. ಮೇಷ್ಟ್ರು ಪಲ್ಯದ ಕನ್ನಡಕವನ್ನೇ ಹಾಕಿಕೊಂಡು, "ನಿಮ್ಮಿಂದ ಇದನ್ನ ನಿರೀಕ್ಷಿಸಿರಲಿಲ್ಲ" ಎಂದರು.

ಎಲ್ಲಕ್ಕಿಂತ ಮಿಗಿಲಾಗಿ ಆ ಪ್ಲಂಬರು ಮುಂದೆ ಬಂದು ಕೈಮುಗಿದ! "ಬೇಡಿ, ಭಾವನಿಗೆ ಯಾರೂ ಏನೂ ಅನ್ಬೇಡಿ. ಎಷ್ಟಾದ್ರೂ ನನ್ನ ಅಕ್ಕನ ಗಂಡ. ಅವರ ಮನಸ್ಸು ಚಿನ್ನ."

ಸದ್ದಿಗೆ ಮೆಟ್ಟಿಲ ಉದ್ದಕ್ಕೂ ಬಾಗಿಲುಗಳು ತೆರೆದುಕೊಂಡಿದ್ದವು, ತಲೆಗಳು ಇಣುಕಿದ್ದವು. ಗುಮಾಸ್ತರಿಗೆ ಬೇರೆ ದಾರಿ ಇರಲಿಲ್ಲ. ಪ್ಲಂಬರನ ಒದ್ದೆ ಅಂಗಿಯ ಹೆಗಲ ಮೇಲೆ ಕೈಯಿಟ್ಟು, ಇಡೀ ಕಟ್ಟಡಕ್ಕೆ ಕೇಳುವಂತೆ ಸಾರಿದರು.

"ಇವನು ನನ್ನ ಸ್ವಂತ ಬಾಮೈದ! ಪ್ಲಂಬರ್! ಒಳ್ಳೆ ಪ್ಲಂಬರ್!"

"ಹೇಳಿದ ಹೊತ್ತಿಗೆ ಬರ್ತಾನಾ?" ಮೇಲಿನ ಮಹಡಿಯಿಂದ ಒಂದು ದನಿ.

"ಬ... ಬರ್ತಾನೆ."

"ನಾಳೆ ನಮ್ಮನೆಗೆ!" "ನಾಡಿದ್ದು ನಮಗೆ!" "ಮೊದಲು ಹೇಳಿದ್ದು ನಾನು!"

ಅಂದಿನಿಂದ ಕಟ್ಟಡದಲ್ಲಿ ಸುವರ್ಣಯುಗ ಶುರುವಾಯಿತು. ಮೇಷ್ಟ್ರ ಮನೆಯ ತೊಟ್ಟಿ, ಎದುರು ಮನೆಯ ಸಿಂಕು, ದೊಡ್ಡಮ್ಮನ ಇಡೀ ಬಚ್ಚಲು, ಎಲ್ಲವೂ ಹೇಳಿದ ದಿನ, ಹೇಳಿದ ಹೊತ್ತಿಗೆ ಸರಿಹೋದವು. ಗುಮಾಸ್ತರ ಮನೆಗೂ ಅವನು ತಪ್ಪದೆ ಬಂದ, ಊಟಕ್ಕೆ! ಉಂಡ ಮೇಲೆ ನಡುಮನೆಯ ಫ್ಯಾನಿನ ಕೆಳಗೆ ಸ್ವಲ್ಪ ಒರಗಿಕೊಂಡ. ಬಚ್ಚಲಿನ ಗೋಡೆ ಮಾತ್ರ ಭಾನುವಾರ ಹೇಗೆ ಬಾಯಿ ತೆರೆದಿತ್ತೋ ಹಾಗೇ ಇತ್ತು. ಹೆಂಡತಿ ಆ ತೂತಿನಲ್ಲಿ ಸೋಪಿನ ಡಬ್ಬಿ ಇಡಲು ಶುರು ಮಾಡಿದರು.

ಒಂದು ಬೆಳಿಗ್ಗೆ, ಸೋಫಾದ ಮೇಲೆ ಕಾಲು ಮಡಚಿ ಕಾಫಿ ಕುಡಿಯುತ್ತಿದ್ದವನ ಮುಂದೆ ಗುಮಾಸ್ತರು ಬಂದು ನಿಂತರು.

"ನೋಡಪ್ಪ, ನಮ್ಮ ಬಚ್ಚಲಿನ ಗೋಡೆ..."

"ಗೊತ್ತು ಭಾವ, ತೂತಾಗಿದೆ. ನಾನೇ ಅಲ್ವಾ ಒಡೆದಿದ್ದು?"

"ಯಾವಾಗ ಮಾಡಿಕೊಡ್ತೀಯ?"

"ಮಾಡಿಕೊಡೋದಾ?" ಅವನು ನೊಂದುಕೊಂಡ. "ಅದೇನು ಭಾವ ಹೊರಗಿನವರ ಥರ ಮಾತಾಡ್ತೀರ! ಬೇರೆಯವರನ್ನ ಕಾಯಿಸಿದ್ರೆ ನಾಳೆ ನಿಮಗೇ ಮಾತು ಬರುತ್ತೆ, ನಿಮ್ಮ ಬಾಮೈದ ಹೀಗೆ ಅಂತ. ನಾವು ನಾವೇ ಅಲ್ವಾ? ನಮ್ಮದು ಯಾವತ್ತಾದ್ರೂ ಮಾಡ್ಕೊಂಡ್ರಾಯ್ತು."

ಅಷ್ಟರಲ್ಲಿ ಹೆಂಡತಿ ಒದ್ದೆ ತಲೆಗೆ ಟವೆಲ್ಲು ಸುತ್ತಿಕೊಂಡು ಹೊರಗಿನಿಂದ ಬಂದರು. ಮುಖ ಹೂವಿನ ಹಾಗೆ ಅರಳಿತ್ತು. "ದೊಡ್ಡಮ್ಮನ ಮನೇಲಿ ಸ್ನಾನ ಮಾಡ್ಕೊಂಡು ಬಂದೆ ಕಣ್ರೀ. ಆ ಷವರಿನಲ್ಲಿ ಏನು ನೀರು ಬರುತ್ತೆ ಅಂತೀರ! ನನ್ನ ತಮ್ಮ ಹಾಕಿದ್ದು!"

ಗುಮಾಸ್ತರ ಸಹನೆಯ ವಾಷರು ಹರಿದೇಹೋಯಿತು. "ಸಾಕು! ನಾನು ಇವತ್ತೇ ಬೇರೆ ಪ್ಲಂಬರನ್ನ ಕರೆಸ್ತೀನಿ!"

ಕಾಫಿ ಲೋಟ ಮೆಲ್ಲಗೆ ಕೆಳಗಿಳಿಯಿತು. ತಿದ್ದಿ ತೀಡಿದ ಮೀಸೆ ನಡುಗಿತು.

"ಏನಂದ್ರಿ?" ಹೆಂಡತಿ ಸೊಂಟದ ಮೇಲೆ ಕೈಯಿಟ್ಟರು. "ಮನೇಲಿ ತಮ್ಮ ಇರುವಾಗ ಹೊರಗಿನವನನ್ನ ಕರೆಸ್ತೀರಾ? ಅವನ ಮಾನ ಏನಾಗ್ಬೇಕು? ದೊಡ್ಡಮ್ಮ ಏನಂದ್ಕೋತಾರೆ? ಮತ್ತೆ ಶುರುವಾಯ್ತಾ ನಿಮ್ಮ ಬುದ್ಧಿ?"

ಗುಮಾಸ್ತರು ಏನೋ ಹೇಳಲು ಹೋದರು. ಆದರೆ ಅದಕ್ಕೆ ಮೊದಲೇ ಬಾಮೈದ ಎದ್ದು ಬಂದು ಅಕ್ಕನ ಕೋಪಕ್ಕೆ ಅಡ್ಡ ನಿಂತ.

"ಬಿಡಕ್ಕ, ಭಾವನ್ನ ಬಯ್ಯಬೇಡ. ಪಾಪ, ಇನ್ನೂ ಸ್ನಾನ ಆಗಿಲ್ಲ, ಅದಕ್ಕೇ ತಲೆ ಬಿಸಿಯಾಗಿದೆ."