ಪಾಲಿಗೆ ಬಿಟ್ಟ ಮೇಕೆ

ದುಡ್ಡು ಕೂಡಿಡೋಕೆ ಹೊರಟ ಮೇಲೆ ನಾನು ನಗೆಪಾಟಲಾಗದೆ ಮನೆಗೆ ಬಂದಿದ್ದೇ ಕಮ್ಮಿ. ಮೊಮ್ಮಗಳನ್ನು ನರ್ಸಿಂಗ್ ಓದಿಸಬೇಕು ಅಂತ ಅಂತರಸಂತೆಯ ಸಂತೆಯಲ್ಲಿ ನನ್ನ ಮೇಕೆಗಳನ್ನೆಲ್ಲ ಮಾರಿದೆ. ಮಂಡಿನೋವು, ಅವುಗಳ ಹಿಂದೆ ಅಲೆಯೋಕೂ ಆಗುತ್ತಿರಲಿಲ್ಲ. ಮೇಕೆ ಹೋದವು, ತಲೆಯೊಳಗಿನ ಮೇಕೆ ಹೋಗಬೇಕಲ್ಲ!

ಚಿರತೆ

ನಮ್ಮ ತಾಲ್ಲೂಕು ಪೇಟೆ ಕೋಟೆಯ ಬ್ಯಾಂಕಿನಲ್ಲಿ ಆಫೀಸರು, "ಅಜ್ಜಿ, ಎಫ್‌ಡಿ ಇಡಿ. ನೂರು ರೂಪಾಯಿಗೆ ವರ್ಷಕ್ಕೆ ಆರೇಳು ರೂಪಾಯಿ ಬಡ್ಡಿ" ಅಂದರು.

"ಅಷ್ಟೇಯಾ? ನನ್ನ ಮೇಕೆ ಒಂದು ಸೂಲಿಗೆ ಎರಡು ಮರಿ ಹಾಕೋದು ಕಣಪ್ಪ!"

ಅವರು ಕನ್ನಡಕ ತೆಗೆದು, "ನಿಜ ಅಜ್ಜಿ. ಆದ್ರೆ ನಮ್ಮ ಮೇಕೇನ ಚಿರತೆ ಹೊತ್ಕೊಂಡು ಹೋಗಲ್ಲ" ಅಂದರು.

ನಾನು ಕಾಡಂಚಿನವಳು. ಹೆಬ್ಬೆಟ್ಟು ಒತ್ತಿದೆ.

ಪಾಲು

ಅದೇ ಬೀದಿಯಲ್ಲಿ ಮ್ಯೂಚುವಲ್ ಫಂಡ್ ಮಾಡಿಸೋ ಹುಡುಗಿ ಒಬ್ಬಳು. ಒಳ್ಳೆಯವಳು. "ಮೊದಲ ವರ್ಷಗಳ ಫೀಸು ಎಫ್‌ಡಿಯಲ್ಲೇ ಇರಲಿ ಅಜ್ಜಿ. ಕೊನೇ ವರ್ಷದ್ದು ಮಾತ್ರ ಇಲ್ಲಿ ಹಾಕಿ. ತುಂಬಾ ಜನರ ದುಡ್ಡು ಸೇರಿಸಿ, ತಿಳಿದೋರು ಷೇರಲ್ಲಿ ಹಾಕಿ ಬೆಳೆಸ್ತಾರೆ. ಇಳಿದ್ರೂ ಇಳೀಬೋದು" ಅಂದಳು.

"ಓ, ಪಾಲಿಗೆ ಮೇಕೆ ಬಿಟ್ಟಂಗೆ ಅನ್ನವ್ವ!"

ನಮ್ಮ ಕಡೆ ಮೇಕೆ ಒಬ್ಬರದು, ಸಾಕೋದು ಇನ್ನೊಬ್ಬರು. ಮರಿ ಇಬ್ಬರಿಗೂ ಅರ್ಧರ್ಧ, ಹಾಲು ಸಾಕಿದೋರದು. ಮೇಕೆ ಸತ್ತರೆ ಚರ್ಮ ತಂದು ತೋರಿಸಬೇಕು, ಇಲ್ಲದಿದ್ದರೆ ಕೊಯ್ದು ತಿಂದರು ಅಂತಲೇ ಲೆಕ್ಕ. ಇಷ್ಟನ್ನೂ ಹೇಳಿದೆ. ಪಾಪ, ಅದು ಎಲ್ಲಕ್ಕೂ "ಹೂಂ ಅಜ್ಜಿ" ಅಂತ ತಲೆ ಆಡಿಸಿತು.

ಚರ್ಮ

ಒಂದು ಬೇಸಿಗೆ ಮೊಮ್ಮಗಳು ಫೋನು ನೋಡಿ, "ಅಜ್ಜಿ, ಫಂಡು ಇಳಿದೈತೆ" ಅಂದಳು. ಅವಳ ಮುಖವೂ ಇಳಿದಿತ್ತು. ಕೊನೇ ವರ್ಷಕ್ಕೆ ಓದು ನಿಂತರೆ ಗತಿಯೇನು? ಬಸ್ಸು ಹತ್ತಿ ಕೋಟೆಗೆ ಹೋದೆ.

"ಚರ್ಮ ತೋರ್ಸವ್ವ."

"ಯಾವ ಚರ್ಮ ಅಜ್ಜಿ?"

"ಸತ್ತಿರೋ ನನ್ನ ಮೇಕೇದು!"

ಹುಡುಗಿ ಕಣ್ಣುಕಣ್ಣು ಬಿಟ್ಟಳು. ಆಮೇಲೆ ನನ್ನ ಕೈ ಹಿಡಿದು ಕೂರಿಸಿ, "ಒಂದೂ ಸತ್ತಿಲ್ಲ ಅಜ್ಜಿ. ನಿಮ್ಮ ಯೂನಿಟ್ಟು ಎಷ್ಟಿದ್ವೋ ಅಷ್ಟೇ ಅವೆ. ಮೇವಿಲ್ದೆ ಸೊರಗವೆ. ಫೀಸಿಗೆ ಇನ್ನೂ ಟೈಮೈತೆ, ಈಗ್ಲೇ ಮಾರಿದ್ರೆ ಲಾಸು ನಿಮಗೇ" ಅಂದಳು.

ಪಕ್ಕದಲ್ಲಿ ಕೂತಿದ್ದ ಪ್ಯಾಂಟಿನ ಯಜಮಾನರು ಕುರ್ಚಿ ಮುಂದಕ್ಕೆ ಎಳೆದುಕೊಂಡರು. "ನನ್ನವು ಎಷ್ಟು ಸೊರಗವೆ, ನೋಡವ್ವ?"

ಹಾಲು

ಹುಡುಗಿಯ ಮಾತು ಕೇಳಿ ಮಾರದೆ ಕಾದೆ. ಫಂಡು ಮೆಲ್ಲಗೆ ಚೇತರಿಸಿಕೊಂಡಿತು. ಮೊನ್ನೆ ತೆಗೆಸಿ ಕೊನೇ ವರ್ಷದ ಫೀಸು ಕಟ್ಟಿದೆವು, ಮಿಕ್ಕಿತು ಕೂಡ. ದೇವರು ಆ ಹುಡುಗೀನ ಚೆನ್ನಾಗಿಟ್ಟಿರಲಿ. ಲಾಭದಲ್ಲಿ ಅರ್ಧ ಸೆರಗಿಗೆ ಗಂಟು ಹಾಕಿಕೊಂಡು ಹೋಗಿ ಅವಳ ಮೇಜಿನ ಮೇಲೆ ಬಿಚ್ಚಿದೆ.

"ತಕ್ಕವ್ವ, ನಿನ್ನ ಪಾಲಿನ ಮರಿ."

ಹುಡುಗಿ ಗಾಬರಿಯಿಂದ ಎದ್ದೇ ನಿಂತಳು. "ಅಯ್ಯೋ ಬ್ಯಾಡಜ್ಜಿ! ನಮ್ಮ ಪಾಲು ನಮಗೆ ಬಂದೈತೆ. ಫಂಡಿನೋರು ದಿನಾ ಚೂರುಚೂರು ಮುರ್ಕೋತಾರೆ, ಅದ್ರಲ್ಲಿ ನನಗೂ ಕೊಡ್ತಾರೆ."

"ದಿನಾನಾ?"

"ಹೂಂ ಅಜ್ಜಿ."

"ಅಯ್ ನಮ್ಮವ್ವ! ಇಷ್ಟು ವರ್ಸ ನನ್ನ ಮೇಕೆ ಹಾಲು ಕರ್ಕೊಂಡು ಕುಡಿದಿದ್ದೀಯಾ ಅನ್ನು!"

ಅವಳು ದುಡ್ಡನ್ನು ಮತ್ತೆ ನನ್ನ ಸೆರಗಿಗೇ ಗಂಟು ಹಾಕುತ್ತಾ ಅಂದಳು: "ಹಾಲು ಸಾಕಿದೋರದು ಅಂತ ನೀವೇ ಹೇಳಿದ್ರಲ್ಲಜ್ಜಿ!"