ಗಿರಣಿಯವನ ರೊಟ್ಟಿ ಹಬ್ಬ

ಇಡೀ ಊರಿನ ಜೋಳ ಬೀಸುವ ಗಿರಣಿ ನನ್ನದು. ಹಿಟ್ಟು ಮುಟ್ಟಿ ನೋಡಿ ಯಾರ ಹೊಲದ ಜೋಳ ಅಂತ ಹೇಳಬಲ್ಲೆ. ಇಂಥ ನಾನು ನಾಲ್ಕು ರೊಟ್ಟಿ ಬಡಿಯಲಾರೆನೇ? ಈ ಪ್ರಶ್ನೆ ನಾನು ಕೇಳಿಕೊಳ್ಳಬಾರದಿತ್ತು!

ಪಂಚಮಿಗೆ ಮುಂಚಿನ ರೊಟ್ಟಿ ಹಬ್ಬ ಅದು. ಎಳ್ಳು ಹಚ್ಚಿದ ರೊಟ್ಟಿ, ಬದನೆಕಾಯಿ ಪಲ್ಯ, ಗುರೆಳ್ಳು ಚಟ್ನಿ ತಾಟಿಗಿಟ್ಟು ಓಣಿಯ ಮನೆಮನೆಗೂ ಕೊಡಬೇಕು, ಅವರದ್ದು ಇಸಿದುಕೊಳ್ಳಬೇಕು. ನನ್ನ ಹೆಂಡತಿ ಮಂಜುಳಾ ಬಸ್ ಕಂಡಕ್ಟರ್. ಹಿಂದಿನ ದಿನ ಡ್ಯೂಟಿಗೆ ಹೋದವಳು ಸವದತ್ತಿಯಲ್ಲೇ ಸಿಕ್ಕಿಕೊಂಡಳು. ಹೊಳೆ ಬಂದು ಸೇತುವೆ ಮುಳುಗಿ ನಮ್ಮೂರು ನಡುಗಡ್ಡೆಯಾಗಿತ್ತು. ಕರೆಂಟೂ ಹೋಗಿತ್ತು.

ಅವಳ ಫೋನು ಬಂತು. "ಬಾಜೂಮನಿ ಬಾಯವ್ವಕ್ಕಗ ಹೇಳ್ರಿ, ನಮ್ಮ ಪಾಲಿನವೂ ಬಡದ ಕೊಡತಾಳ."

"ಏನೂ ಬ್ಯಾಡ. ನಾನಽ ಮಾಡತೇನಿ."

"ನೋಡ್ರಿ, ರೊಟ್ಟಿ ಕೆಟ್ರ ನಿಮ್ಮ ಹೆಸರ ಕೆಡಂಗಿಲ್ಲ, ನಂದು ಕೆಡತೈತಿ. ಟಿಕೀಟ ಹರಿಯೋ ಕೈಗೆ ರೊಟ್ಟಿ ಎಲ್ಲಿ ಬರತೈತಿ ಅಂತ ಮೊದಲಽ ಆಡಕೋತಾರ."

"ನಿನ್ನ ಹೆಸರ ಓಣಿ ತುಂಬ ಬೆಳಗಸ್ತೇನಿ, ಸುಮ್ನಿರು" ಅಂದೆ.

ಡಬ್ಬಿ ತೆಗೆದರೆ ಖಾಲಿ. ಕರೆಂಟಿಲ್ಲದೆ ಗಿರಣಿ ತಿರುಗದು. ಊರಿಗೆಲ್ಲ ಹಿಟ್ಟು ಬೀಸಿ ಕೊಡುವ ಮಹಾರಾಯನ ಮನೆಯಲ್ಲೇ ಹಿಟ್ಟಿಲ್ಲ! ಕೊನೆಗೆ ಗಿರಣಿಯ ಮೂಲೆಯಲ್ಲಿ ಯಾರೋ ಮರೆತು ಬಿಟ್ಟುಹೋದ ಹಳೇ ಹಿಟ್ಟು ಸಿಕ್ಕಿತು. ಹಳೇ ಹಿಟ್ಟಿಗೆ ಜಿಗಿ ಇರುವುದಿಲ್ಲ, ರೊಟ್ಟಿ ಹರಿಯುತ್ತದೆ ಅಂತ ಗಿರಾಕಿಗಳಿಗೆ ಉಪದೇಶ ಮಾಡುವವನು ನಾನೇ. ಆದರೂ ಕುದಿಯುವ ಎಸರು ಹಾಕಿ ನಾದಿ, ಬಡಿಯಲು ಕೂತೆ.

ಮೊದಲನೆಯದು ಅಗಲವಾಗುತ್ತ ಹೋಗಿ ರಾಮದುರ್ಗ ತಾಲೂಕಿನ ನಕಾಶೆಯಾಯಿತು. ಎತ್ತಿದರೆ ಊರೂರಾಗಿ ಉದುರಿತು. ಸಿಟ್ಟಿಗೆದ್ದು ಗೋಧಿ ಹಿಟ್ಟು, ಮೈದಾ ಎರಡೂ ಸುರಿದೆ. ಈಗ ಹರಿಯಲಿಲ್ಲ. ಬೆಂದ ಮೇಲೂ ಹರಿಯಲಿಲ್ಲ. ಆರಿದ ಮೇಲಂತೂ ಮನೆಗೆ ಹೊದಿಸುವ ಹೆಂಚು! ಮೇಲಾಗಿ ಪ್ರತಿಯೊಂದರ ನಟ್ಟನಡುವೆ ಒಂದು ಚೌಕ ಗುರುತು. ಬೆರಳಿನ ಚೌಕ ಹರಳಿನ ಉಂಗುರ ತಿರುಗಿ ಅಂಗೈ ಕಡೆ ಬಂದದ್ದು ನನಗೆ ಗೊತ್ತೇ ಆಗಿರಲಿಲ್ಲ. ಹೊಗೆಗೆ ಕಣ್ಣೀರು ಬಂತು ಅನ್ನೋಣವೆಂದರೆ ನಮ್ಮದು ಗ್ಯಾಸಿನ ಒಲೆ. ಅತ್ತದ್ದು ನಾನೇ.

ಬಾಯವ್ವನ ಕಡೆ ಓಡಿಹೋಗಬೇಕೆನಿಸಿತು, ಮೀಸೆ ಬಿಡಲಿಲ್ಲ. ಮೇಲೆ ಎಳ್ಳು ಉದುರಿಸಿ ಮನೆಮನೆಗೂ ಕೊಟ್ಟು ಬಂದೆ.

ಸಂಜೆ ಎದುರುಮನೆಯ ಜೈಬುನ್ನಿಸಾ ತಾಟು ಕಳಿಸಿದರು. ಮೇಲೆ ಮೆತ್ತನೆಯ ಸಜ್ಜೆ ರೊಟ್ಟಿ, ಅಡಿಯಲ್ಲಿ ಚೌಕ ಗುರುತಿನ ನನ್ನದೇ ರೊಟ್ಟಿ! ಹಿಂದೆಯೇ ಬಾಯವ್ವನ ತಾಟು ಬಂತು. ಅದರಲ್ಲೂ ಚೌಕ! ಬಂದದ್ದರಲ್ಲಿ ಒಳ್ಳೆಯದನ್ನು ಉಂಡು, ಉಳಿದದ್ದನ್ನು ಮುಂದಿನ ಮನೆಗೆ ದಾಟಿಸುವುದು ಓಣಿಯ ಜಾಣತನ. ಸುತ್ತ ನೀರು ನಿಂತ ಊರಿನಲ್ಲಿ ರೊಟ್ಟಿ ತಾನೇ ಎಲ್ಲಿಗೆ ಹೋದೀತು?

ಹೊರಗೆ ಕಟ್ಟೆಯ ಮೇಲೆ ಇಬ್ಬರೂ ಮಾತಿಗೆ ಕೂತಿದ್ದರು.

"ಮಂಜುಳಾನ ರೊಟ್ಟಿ ತಿಂದೇನವಾ? ನನ್ನ ಹಲ್ಲ ಉಳದದ್ದಽ ಪುಣ್ಯೇವು" ಅಂದಳು ಬಾಯವ್ವ.

"ಡ್ಯೂಟಿಗೆ ಹೋಗೂ ಗಡಿಬಿಡ್ಯಾಗ ಬಡದಿಟ್ಟ ಹೋಗ್ಯಾಳ ಕಾಣತೈತಿ" ಅಂದರು ಜೈಬುನ್ನಿಸಾ.

ನನಗೆ ತಡೆಯಲಾಗಲಿಲ್ಲ. ಹೊರಗೆ ಬಂದು, "ಅಕ್ಕಾರ, ಆಕಿ ಊರಾಗಽ ಇಲ್ಲ. ಅವು ನಾ ಬಡದ ರೊಟ್ಟಿ" ಅಂದೆ.

ಬಾಯವ್ವನ ಮುಖ ಅರಳಿತು. "ನೀನಽ ಬಡದೇನೋ ತಮ್ಮಾ? ಅದಕ್ಕಽ ಹಿಂಗ ಗಟ್ಟಿಮುಟ್ಟ ಅದಾವು. ಗಂಡಸಾಗಿ ಇಷ್ಟ ಮಾಡೀದಿ ಅಂದ್ರ ಭಾಳ ಆತು."

"ನಮ್ಮ ಮನಿಯವ್ರಿಗೆ ಚಾ ಕಾಸಾಕೂ ಬರಂಗಿಲ್ಲ" ಅಂದರು ಜೈಬುನ್ನಿಸಾ.

ಅಂತೂ ಹೆಂಡತಿಯ ಹೆಸರು ಉಳಿಯಿತು ಅಂತ ಉಸಿರು ಬಿಡುವಷ್ಟರಲ್ಲಿ ಬಾಯವ್ವ ನಿಟ್ಟುಸಿರು ಹಾಕಿದಳು. "ಅಲ್ಲಾ, ಹಬ್ಬದ ದಿನ ಗಂಡನ ಕಡಿಂದ ರೊಟ್ಟಿ ಬಡಸ್ತಾಳಲ್ಲ, ಎಂಥಾ ಹೆಣ್ಣಮಗಳ ಇದ್ದಾಳು ನಿಮ್ಮ ಮಂಜುಳಾ."

ರೊಟ್ಟಿ ನನ್ನದು, ಹೊಗಳಿಕೆ ನನ್ನದು, ಬೈಗುಳ ಮಾತ್ರ ಊರಲ್ಲೇ ಇಲ್ಲದವಳಿಗೆ! ಇನ್ನೊಂದು ಮಾತಾಡಿದರೆ ಅವಳಿಗೆ ಇನ್ನೇನು ಕಾದಿದೆಯೋ ಎಂದು ಹೆದರಿ ಒಳಗೆ ಬಂದುಬಿಟ್ಟೆ.

ನೀರು ಇಳಿದು ಮಂಜುಳಾ ಬಂದಳು. ಎಲ್ಲ ಒಪ್ಪಿಸಿದೆ. ಅವಳು ಉಳಿದಿದ್ದ ಒಂದು ರೊಟ್ಟಿ ತೆಗೆದುಕೊಂಡು ಕಟ್ಟೆಗೆ ಬಡಿದು ನೋಡಿದಳು. ಕಟ್ಟೆಯ ಸಿಮೆಂಟು ಎದ್ದಿತು. ಬ್ಯಾಗು ಗೂಟಕ್ಕೆ ಹಾಕಿ ನನ್ನ ಬೆರಳು ನೋಡಿದಳು.

"ಆ ಉಂಗುರ ತಗದಿಡ್ರಿ."

"ಯಾಕ?"

"ನನ್ನ ಹೆಸರ ಹೆಂಗೂ ಹೋತು, ಅದರ ಚಿಂತಿ ಬಿಡ್ರಿ. ನಿಮ್ಮ ಹೆಸರ ಬಂದೈತಲ್ಲ, ಅದನ್ನ ಉಳಿಸ್ಕೋಬೇಕು. ಕರೆಂಟ ಬಂದೈತಿ, ಹೊಸಾ ಹಿಟ್ಟ ಬೀಸ್ಕೊಂಡ ಬರ್ರಿ. ಇವತ್ತಿಂದ ದಿನಾ ರೊಟ್ಟಿ ನೀವಽ ಬಡೀರಿ."